ಅಜ್ಜನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ

ಅಜ್ಜಿ ಹೋದಾಗ ಮನೆಯಲ್ಲಿ ಮೊದಲ ಜಗಳ ಆದದ್ದು ಅವರ ಪ್ರಾಯದ ಮೇಲೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕಾಗದ ಅಚ್ಚಿಗೆ ಕೊಡಬೇಕಿತ್ತು. ಬಿ.ಸಿ. ರೋಡಿನ ಪ್ರೆಸ್ಸಿನವರು ಫೋನ್ ಮಾಡಿ "ಪ್ರಾಯ ಎಷ್ಟು ಹಾಕುದು ಅಕ್ಕ?" ಅಂತ ಕೇಳಿದರು. ಆಧಾರ್ ಕಾರ್ಡಿನಲ್ಲಿ 01-01-1930 ಅಂತ ಉಂಟು. ಅಜ್ಜಿ ಹೋದದ್ದು 2022ರಲ್ಲಿ, ಹಾಗಾಗಿ 92 ಅಂದೆ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಸಿಟ್ಟಾದರು. "ನನಗೇ ಎಂಬತ್ತೆರಡು. ಅಮ್ಮ ನನ್ನನ್ನು ಹತ್ತು ವರ್ಷದಲ್ಲಿ ಹೆತ್ತದ್ದಾ?"

ಅದೂ ಹೌದಲ್ವಾ.

ಕೊನೆಗೆ ಲೆಕ್ಕ ಬಗೆಹರಿಸಿದ್ದು ನೇತ್ರಾವತಿ ಹೊಳೆ. ಮಾರಿಬೊಳ್ಳ ಬಂದಾಗ ತನ್ನನ್ನು ತೊಟ್ಟಿಲಿನಿಂದ ಎತ್ತಿ, ಸೊಪ್ಪು ತರುವ ಬುಟ್ಟಿಯಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತುಕೊಂಡು ಗುಡ್ಡೆ ಹತ್ತಿದರು ಅಂತ ಅಜ್ಜಿ ನೂರು ಸಲ ಹೇಳಿದ್ದರು. ಮಾರಿಬೊಳ್ಳ ಅಂದರೆ 1923ರ ನೆರೆ. ಬಂಟ್ವಾಳ, ಪಾಣೆಮಂಗಳೂರು ಕಡೆಯ ಹಳಬರಿಗೆ ಅದೇ ಕ್ಯಾಲೆಂಡರು. ನೆರೆಗೆ ಮೊದಲು ಹುಟ್ಟಿದವರು, ನೆರೆಯ ನಂತರ ಹುಟ್ಟಿದವರು. ಕಾಗದದಲ್ಲಿ 99 ಅಂತ ಅಚ್ಚಾಯಿತು. ಊಟಕ್ಕೆ ಬಂದವರಲ್ಲಿ ಒಬ್ಬರು, ಒಂದೇ ರನ್ನಿಗೆ ಸೆಂಚುರಿ ತಪ್ಪಿತು ಅಂತ ತಮಾಷೆ ಮಾಡಿದರು. ಯಾರಿಗೂ ಬೇಸರ ಆಗಲಿಲ್ಲ. ಅಷ್ಟು ಪ್ರಾಯದ ಸಾವಿಗೆ ಅಳುವವರು ಕಡಿಮೆ.

ಈ ಪ್ರಾಯದ ಗೊಂದಲ ನಮ್ಮ ಮನೆಯದ್ದು ಮಾತ್ರ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಸಾಲ್ ನ್ಯೂಮನ್ ಅಂತ ಒಬ್ಬ ಸಂಶೋಧಕ ಇದ್ದಾರೆ, 2024ರಲ್ಲಿ ಇಗ್ ನೊಬೆಲ್ ಬಂತು ಅವರಿಗೆ, ಅದೇ ನಗು ಬರಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ. ಅಮೆರಿಕದಲ್ಲಿ ರಾಜ್ಯ ರಾಜ್ಯವಾಗಿ ಹುಟ್ಟಿನ ದಾಖಲೆ ಬರೆಯಲು ಶುರು ಮಾಡಿದ ಮೇಲೆ, 110 ದಾಟಿದವರು ಅನ್ನುವವರ ಸಂಖ್ಯೆ 69ರಿಂದ 82 ಶೇಕಡಾ ಇಳಿದುಬಿಟ್ಟಿತು ಅಂತ ಅವರು ತೋರಿಸಿದರು. ಜನ ಬದುಕಿದ್ದಕ್ಕಿಂತ ಕಾಗದ ಕಾಣೆಯಾದದ್ದೇ ಜಾಸ್ತಿ. ನಮ್ಮ ಅಜ್ಜಿಯದ್ದು ಉಲ್ಟಾ ಕೇಸು, ಆಧಾರ್‌ನವರು ಏಳು ವರ್ಷ ಕಡಿಮೆ ಮಾಡಿದ್ದು.

ಇರಲಿ. ಹೇಳಲು ಹೊರಟದ್ದು ಅದಲ್ಲ.

ನಮ್ಮ ಕುಟುಂಬದಲ್ಲಿ ಒಂದು ಜಂಬ ಉಂಟು. "ನಮ್ಮದು ಆಯುಷ್ಯ ಇರುವ ಮನೆ." ಅಜ್ಜಿಯ ಅಮ್ಮ ತೊಂಬತ್ತು ದಾಟಿದವರು, ಅಜ್ಜಿಯ ತಂಗಿ 93ಕ್ಕೆ ಹೋದವರು, ಅಜ್ಜಿ 99. ಯಾರಿಗಾದರೂ ಸಕ್ಕರೆ ಕಾಯಿಲೆ, ಬಿಪಿ ಅಂತ ಬಂದರೆ ಸಾಕು, ಹಿರಿಯರಲ್ಲಿ ಒಬ್ಬರು ಕೈ ಬೀಸಿ "ದಾಲಾ ಆಪುಜಿ" ಅನ್ನುತ್ತಾರೆ. ಏನೂ ಆಗುವುದಿಲ್ಲ ಅಂತ. ಈ ಪಟ್ಟಿಯಲ್ಲಿ ಅಜ್ಜಿಯ ಗಂಡುಮಕ್ಕಳಾದ ನನ್ನ ಇಬ್ಬರು ಮಾವಂದಿರ ಹೆಸರು ಬರುವುದಿಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ದೊಡ್ಡ ಮಾವ 49ಕ್ಕೆ ಗಲ್ಲಾದ ಮುಂದೆ ಕೂತಲ್ಲೇ ಹೋದರು. ಸಣ್ಣ ಮಾವ 54ಕ್ಕೆ, ಬೆಳಿಗ್ಗೆ ಹಲ್ಲುಜ್ಜುವಾಗ. ಅವರಿಬ್ಬರಿಗೆ ಬೇರೆಯೇ ಕಾರಣ ಇತ್ತು. ಮುಂಬಯಿ ಟೆನ್ಷನ್, ಹೊತ್ತಿಲ್ಲದ ಊಟ, ಸಿಗರೇಟು. ಅಂದರೆ ಹೆಚ್ಚು ಬದುಕಿದವರು ರಕ್ತದ ಗುಣದಿಂದ, ಬೇಗ ಹೋದವರು ಮುಂಬಯಿಯ ದೋಷದಿಂದ. ಲೆಕ್ಕ ಚೆನ್ನಾಗಿಯೇ ಉಂಟು!

ನಾನೂ ಇದನ್ನು ನಂಬಿದವಳೇ, ಸುಳ್ಳು ಯಾಕೆ ಹೇಳಲಿ. ಡಿಗ್ರಿಯಲ್ಲಿ ಬಯಾಲಜಿ ಓದಿ ಈಗ ಬ್ಯಾಂಕಿನಲ್ಲಿ ಕೂತಿರುವ ನನಗೆ, ಅಜ್ಜಿ ಹೋದ ಮರುವರ್ಷ ಒಂದು ಹುಚ್ಚು ಹತ್ತಿತು. ಆನ್‌ಲೈನಿನಲ್ಲಿ ಜೀನ್ ಟೆಸ್ಟ್ ಕಿಟ್ ತರಿಸಿದೆ. ಆರು ಸಾವಿರ ಚಿಲ್ಲರೆ. ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಕೂತು, ಒಂದು ಪ್ಲಾಸ್ಟಿಕ್ ಟ್ಯೂಬಿಗೆ ಗೆರೆಯವರೆಗೆ ಎಂಜಲು ತುಂಬಿಸಬೇಕು. ಗೆರೆ ಮುಟ್ಟುವಷ್ಟು ಎಂಜಲು ಬರುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಮಾವಿನ ಮಿಡಿ ಉಪ್ಪಿನಕಾಯಿ ನೆನೆಸಿಕೊಂಡು ತುಂಬಿಸಿದೆ. ಒಂದು ತಿಂಗಳಿಗೆ ಬಣ್ಣಬಣ್ಣದ ರಿಪೋರ್ಟು ಬಂತು. ಅದರಲ್ಲಿ ಒಂದು ಪುಟ ಹಸಿರು ಬಣ್ಣದ್ದು. ಫಾಕ್ಸೋ 3 ಅನ್ನುವ ಜೀನಿನ ಒಳ್ಳೆಯ ರೂಪ ನಿಮ್ಮಲ್ಲಿದೆ, ದೀರ್ಘಾಯುಷ್ಯದ ಸಾಧ್ಯತೆ ಸರಾಸರಿಗಿಂತ ಹೆಚ್ಚು ಅಂತ. ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಮೂವತ್ತು ಜನ ಕೈ ಮುಗಿದರು.

ಫಾಕ್ಸೋ 3 ಏನು ಸುಮ್ನೆ ಹೇಳುವ ಹೆಸರಲ್ಲ. ಅದರ ಕತೆ ಹುಳುವಿನಿಂದ ಶುರುವಾಗುತ್ತದೆ. ಸೀ ಎಲಿಗನ್ಸ್ ಅಂತ ಒಂದು ಮಿಲಿಮೀಟರ್ ಉದ್ದದ, ಎರಡು ಮೂರು ವಾರ ಬದುಕುವ ಹುಳು. 1993ರಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡ ಆ ಹುಳುವಿನಲ್ಲಿ ಡಾಫ್ 2 ಅನ್ನುವ ಒಂದೇ ಒಂದು ಜೀನು ಕೆಟ್ಟಿದ್ದರೆ ಅದು ಎರಡು ಪಟ್ಟು ಬದುಕುತ್ತದೆ ಅಂತ ತೋರಿಸಿತು. ಅದೂ ಮುದಿಯಾಗಿ ತೆವಳಿಕೊಂಡಲ್ಲ, ಚುರುಕಾಗಿ ಓಡಾಡಿಕೊಂಡು. ಇನ್ಸುಲಿನ್ ಮಾದರಿಯ ಸಂದೇಶ ಹಿಡಿಯುವ ಜೀನು ಅದು. ಸಂದೇಶ ಕಡಿಮೆಯಾದರೆ ಕೋಶ "ಈಗ ಬರಗಾಲ" ಅಂದುಕೊಂಡು ಬೆಳೆಯುವ ಕೆಲಸ ನಿಲ್ಲಿಸಿ ರಿಪೇರಿ ಕೆಲಸಕ್ಕೆ ಇಳಿಯುತ್ತದೆ. ರಿಪೇರಿಗೆ ಇಳಿಸುವ ಮೇಸ್ತ್ರಿಯ ಹೆಸರು ಡಾಫ್ 16. ನಮ್ಮಲ್ಲಿ ಅದರ ನೆಂಟನೇ ಈ ಫಾಕ್ಸೋ. ಆಮೇಲೆ 2008ರಲ್ಲಿ, ಹವಾಯಿಯ ಜಪಾನಿ ಮೂಲದ ಗಂಡಸರಲ್ಲಿ, 95 ದಾಟಿದವರಲ್ಲಿ ಫಾಕ್ಸೋ 3ರ ಒಂದು ರೂಪ ಜಾಸ್ತಿ ಸಿಗುತ್ತದೆ ಅಂತ ಗೊತ್ತಾಯಿತು. ಬೇರೆ ದೇಶಗಳ ಜನರಲ್ಲೂ ಇದು ಸಿಕ್ಕಿತು. ಆಯುಷ್ಯದ ಜೀನುಗಳ ಪಟ್ಟಿ ಅಂತ ಮಾಡಿದರೆ ಹೀಗೆ ಮತ್ತೆ ಮತ್ತೆ ಸಿಗುವವು ಎರಡೇ, ಇದು ಮತ್ತು ಎಪಿಓಇ. ಎಪಿಓಇಯ ಇ4 ರೂಪ ಇದ್ದವರಿಗೆ ಅಲ್ಜೈಮರ್ ಭಯ ಜಾಸ್ತಿ, ಹಾಗಾಗಿ ನೂರು ದಾಟಿದವರಲ್ಲಿ ಆ ರೂಪ ಕಡಿಮೆ. ಉಳಿದವೆಲ್ಲ ಒಂದು ಕಡೆ ಸಿಕ್ಕರೆ ಇನ್ನೊಂದು ಕಡೆ ಸಿಗದವು.

ಆದರೆ ಮಾರಾಯ್ರೆ, ಹುಳುವಿನಲ್ಲಿ ಒಂದು ಜೀನು ಆಯುಷ್ಯವನ್ನು ಎರಡು ಪಟ್ಟು ಮಾಡಿದ ಹಾಗೆ ಮನುಷ್ಯನಲ್ಲಿ ಆಗುವುದಿಲ್ಲ. ನಮ್ಮಲ್ಲಿ ಅದು ಸಾವಿರ ತೊರೆ ಸೇರಿದ ಹೊಳೆ. ನನ್ನ ಹಸಿರು ಪುಟದ ಬೆಲೆ ಅಷ್ಟೇ, ಒಂದು ತೊರೆಯಲ್ಲಿ ನೀರು ಉಂಟು ಅಂತ.

ಹಾಗಾದರೆ ಒಟ್ಟು ಹೊಳೆ ಎಷ್ಟು? ಆಯುಷ್ಯದಲ್ಲಿ ರಕ್ತದ ಪಾಲು ಎಷ್ಟು ಅಂತ. ಇದಕ್ಕೆ ಹಳೆಯ ಉತ್ತರ ಡೆನ್ಮಾರ್ಕಿನ ಅವಳಿಗಳಿಂದ ಬಂದದ್ದು. 1870ರಿಂದ 1900ರ ನಡುವೆ ಹುಟ್ಟಿದ 2872 ಜೋಡಿ ಅವಳಿಗಳನ್ನು ನೋಡಿ 1996ರಲ್ಲಿ ಹೇಳಿದರು, ಜನರ ನಡುವಿನ ಆಯುಷ್ಯದ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಜೀನಿನಿಂದ ಅಂತ. 2018ರಲ್ಲಿ ಅಮೆರಿಕದವರು ಕೋಟಿಗಟ್ಟಲೆ ಜನರ ವಂಶವೃಕ್ಷ ಜೋಡಿಸಿ ನೋಡಿದಾಗ ಅದು ಹತ್ತು ಶೇಕಡಾಕ್ಕಿಂತಲೂ ಕೆಳಗೆ ಇಳಿಯಿತು. ಕಾರಣ ಚೆನ್ನಾಗಿದೆ. ಗಂಡ ಹೆಂಡತಿಯ ಆಯುಷ್ಯ ಒಂದೇ ತರ ಇತ್ತು, ಅದು ಒಟ್ಟಿಗೆ ಊಟ ಮಾಡಿದ್ದಕ್ಕೆ ಅಂದುಕೊಳ್ಳಬಹುದು. ಆದರೆ ಒಂದೇ ಮನೆಯಲ್ಲಿ ಇಲ್ಲದ, ರಕ್ತಸಂಬಂಧವೂ ಇಲ್ಲದ ಬೀಗರ ಆಯುಷ್ಯದಲ್ಲೂ ಹೋಲಿಕೆ ಇತ್ತು. ಜನ ತಮ್ಮಂಥವರನ್ನೇ ಹುಡುಕಿ ಮದುವೆ ಆಗುತ್ತಾರೆ ಅಂತ ಅರ್ಥ. ಇದನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಕಾ, ನಮ್ಮ ಊರಿನ ಯಾವ ದಲ್ಲಾಳಿಯನ್ನು ಕೇಳಿದರೂ ಹೇಳುತ್ತಿದ್ದ. ಈಚೆಗೆ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಮತ್ತೆ ಅವಳಿಗಳ ಲೆಕ್ಕಕ್ಕೇ ಹೋಗಿ, ಅಪಘಾತ, ಸೋಂಕಿನಂಥ ಹೊರಗಿನ ಸಾವುಗಳನ್ನು ತೆಗೆದು ನೋಡಿದರೆ ಪಾಲು ಅರ್ಧದ ಹತ್ತಿರ ಬರುತ್ತದೆ ಅಂದಿದ್ದಾರೆ. ಹತ್ತು, ಇಪ್ಪತ್ತೈದು, ಐವತ್ತು. ಇವು ಒಂದನ್ನೊಂದು ಸುಳ್ಳು ಮಾಡುತ್ತವೆ ಅಂತ ನನಗೆ ಅನಿಸುವುದಿಲ್ಲ. ಪ್ಲೇಗು, ನೆರೆ, ಬಾಣಂತಿ ಜ್ವರ ಇದ್ದ ಊರಿನಲ್ಲಿ ಜೀನಿಗೆ ತನ್ನ ಕೆಲಸ ತೋರಿಸಲು ಸಮಯವೇ ಸಿಗುವುದಿಲ್ಲ. ಅಜ್ಜಿಯ ಜೊತೆ ಹುಟ್ಟಿದವರು ಎಂಟು ಜನ. ಐದು ವರ್ಷ ದಾಟಿದವರು ಐದು. ಉಳಿದ ಮೂವರಲ್ಲಿ ಯಾರಿಗೆ ಶತಾಯುಷ್ಯದ ಜೀನು ಇತ್ತೋ ಯಾರಿಗೆ ಗೊತ್ತು.

ಹಸಿರು ಪುಟ ಬಂದ ಮರು ತಿಂಗಳೇ ಅಮ್ಮನಿಗೆ ಕದ್ರಿ ದೇವಸ್ಥಾನದ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡಿತು. ಗ್ಯಾಸು ಅಂದರು. ಜೀರಿಗೆ ಕಷಾಯ ಕುಡಿದರು. ಮರುದಿನ ಮತ್ತೆ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಒಂದು ರಕ್ತನಾಳ 90 ಶೇಕಡಾ ಬ್ಲಾಕು. ಸ್ಟೆಂಟ್ ಹಾಕಿದರು. ಅಮ್ಮನಿಗೆ ಸಕ್ಕರೆ ಕಾಯಿಲೆ ಇಲ್ಲ, ತೂಕ ಐವತ್ತು ಕೆಜಿ, ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಬಂಗುಡೆ ಸಾರು. ಡಾಕ್ಟರು ಹಳೆಯ ರಿಪೋರ್ಟುಗಳನ್ನೆಲ್ಲ ಮಗುಚಿ ನೋಡಿದರು. ಎಲ್ಲದರಲ್ಲೂ ಕೆಟ್ಟ ಕೊಲೆಸ್ಟ್ರಾಲ್, ಅದೇ ಎಲ್‌ಡಿಎಲ್, 200ರ ಆಚೆ ಈಚೆ. ಹತ್ತು ವರ್ಷದಿಂದ "ಸ್ವಲ್ಪ ಜಾಸ್ತಿ ಉಂಟು, ತೆಂಗಿನಕಾಯಿ ಕಡಿಮೆ ಮಾಡಿ" ಅಂತ ಹೇಳಿಸಿಕೊಂಡು ಬಂದಿದ್ದರು.

ನಾನು ಅಭ್ಯಾಸಬಲದಿಂದ ಶುರು ಮಾಡಿದೆ. "ನಮ್ಮದು ಆಯುಷ್ಯ ಇರುವ ಕುಟುಂಬ ಡಾಕ್ಟ್ರೆ, ಅಜ್ಜಿ 99..."

"ಅಜ್ಜಿ ಇರಲಿ. 55ರ ಒಳಗೆ ಹೋದ ಗಂಡಸರು ಯಾರಾದರೂ ಇದ್ದಾರಾ?"

ಇಬ್ಬರು ಮಾವಂದಿರ ಹೆಸರು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಮಾವಂದಿರ ಅಪ್ಪ?"

ಅಲ್ಲಿ ನಾನು ಬಾಯಿ ಮುಚ್ಚಿದೆ. ಯಾಕೆಂದರೆ ಅಜ್ಜನ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ಹೆಸರು ಗೊತ್ತು, ಬೆಳ್ತಂಗಡಿ ಕಡೆಯವರು ಅಂತ ಗೊತ್ತು. ಫೋಟೋ ಇಲ್ಲ. ಅಮ್ಮನಿಗೆ ನಾಲ್ಕು ವರ್ಷ ಆಗಿದ್ದಾಗ ತೀರಿಹೋದವರು. ಅಡಿಕೆ ತೋಟದಲ್ಲಿ ನೀರು ಬಿಡಲು ಹೋದವರು ಅಲ್ಲೇ ಕುಸಿದರಂತೆ. ಯಾರೋ ಕಣ್ಣು ಹಾಕಿದ್ದು ಅಂದವರಿದ್ದರು, ಹಾವು ಅಂದವರಿದ್ದರು. ಆಮೇಲೆ ಅಜ್ಜಿ ಮಕ್ಕಳನ್ನು ಕಟ್ಟಿಕೊಂಡು ತನ್ನ ಕುಟುಂಬದ ಮನೆಗೆ ಬಂದರು. ಅಳಿಯಕಟ್ಟಿನ ಮನೆ, ವಂಶ ಅಮ್ಮನ ಕಡೆಯಿಂದ ನಡೆಯುವಂಥದ್ದು. ಮಕ್ಕಳಿಗೆ ಅಮ್ಮನ ಬಳಿ, ಅಂದರೆ ಗೋತ್ರದ ಹಾಗಿನ ಕುಲ, ಆಸ್ತಿ ಅಮ್ಮನ ಕಡೆಯದ್ದು, ಮಾತೆಲ್ಲ ಅಮ್ಮನ ಕಡೆಯವರದ್ದು. ಅಜ್ಜ ಬೇರೆ ಬಳಿಯವರು. ಬಂದು ಹೋದ ಹಾಗೆ. ನಮ್ಮ "ಆಯುಷ್ಯದ ಮನೆ"ಯ ಲೆಕ್ಕದಲ್ಲಿ ಅವರು ಎಲ್ಲೂ ಇಲ್ಲ.

ಜೀನಿಗೆ ಅಳಿಯಕಟ್ಟು ಗೊತ್ತಿಲ್ಲ, ಮಕ್ಕಳಕಟ್ಟೂ ಗೊತ್ತಿಲ್ಲ. ಮಾವಂದಿರಲ್ಲಿ ಅರ್ಧ ಅಜ್ಜಿ, ಇನ್ನರ್ಧ ಆ ಲೆಕ್ಕಕ್ಕಿಲ್ಲದ ಅಜ್ಜ.

ನಾನೂ ರಕ್ತ ಕೊಟ್ಟೆ. ಕಂಕನಾಡಿಯ ಒಂದು ಸಾದಾ ಲ್ಯಾಬು. ಜೀನ್ ಕಿಟ್ಟಿನ ಹತ್ತನೇ ಒಂದು ಪಾಲೂ ಖರ್ಚಿಲ್ಲ. ಎಲ್‌ಡಿಎಲ್ 214. 190 ದಾಟಿದರೆ ಇದು ಊಟದ ದೋಷ ಅಲ್ಲದೆ ಇರಬಹುದು ಅಂತ ಡಾಕ್ಟರು ಯೋಚಿಸಬೇಕು. ಮನೆಯಲ್ಲಿ ಹೀಗೆ ಎಳೆ ಪ್ರಾಯದ ಹೃದಯಾಘಾತಗಳೂ ಇದ್ದರೆ ಇನ್ನೂ ಜಾಸ್ತಿ. ಇದಕ್ಕೆ ಫೆಮಿಲಿಯಲ್ ಹೈಪರ್‌ಕೊಲೆಸ್ಟ್ರೊಲೀಮಿಯಾ ಅಂತ ಬಾಯಿ ತುಂಬುವ ಹೆಸರು. ವಿಷಯ ಮಾತ್ರ ಸುಲಭ. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಒಳಗೆ ಎಳೆದುಕೊಳ್ಳಲು ಲಿವರಿನ ಕೋಶಗಳ ಮೇಲೆ ಬಾಗಿಲುಗಳಿರುತ್ತವೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅನ್ನುವ ಇಬ್ಬರು ಅದನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಪಡೆದರು. ಆ ಬಾಗಿಲಿನ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ ಬಾಗಿಲು ಅರ್ಧಕ್ಕರ್ಧ ಕಡಿಮೆ. ಕೊಲೆಸ್ಟ್ರಾಲ್ ರಕ್ತದಲ್ಲೇ ಸುತ್ತುತ್ತಾ, ತೊಟ್ಟಿಲಿನ ದಿನದಿಂದಲೇ ನಾಳದ ಗೋಡೆಗೆ ಮೆತ್ತಿಕೊಳ್ಳುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಮದ್ದು ಮಾಡದಿದ್ದರೆ ಗಂಡಸರಲ್ಲಿ ಅರ್ಧದಷ್ಟು ಜನರಿಗೆ 50ರ ಒಳಗೆ ಹೃದಯದ ತೊಂದರೆ ಬರುತ್ತದೆ, ಹೆಂಗಸರಿಗೆ ಸ್ವಲ್ಪ ತಡ. ಅಮ್ಮ ಎಪ್ಪತ್ತರವರೆಗೆ ಬಂದದ್ದು ಆ ತಡದಿಂದಲೋ, ಅಜ್ಜಿಯಿಂದ ಬಂದ ಇನ್ನೇನೋ ಒಳ್ಳೆಯದರಿಂದಲೋ. ಮಕ್ಕಳಿಗೆ ದಾಟುವ ಸಾಧ್ಯತೆ ನಾಣ್ಯ ಚಿಮ್ಮಿದ ಹಾಗೆ, ಅರ್ಧ. ದೊಡ್ಡಮ್ಮನ ಎಲ್‌ಡಿಎಲ್ 96. ಅವರಿಗೆ ನಾಣ್ಯ ಸರಿಯಾಗಿ ಬಿದ್ದಿದೆ.

ನನ್ನ ಆರು ಸಾವಿರದ ಕಿಟ್ಟಿನಲ್ಲಿ ಇದರ ಸುದ್ದಿಯೇ ಇರಲಿಲ್ಲ. ಈ ಬಾಗಿಲಿನ ಜೀನು ಕೆಡುವ ಬಗೆ ಸಾವಿರಾರು ಇವೆ, ಇಂಥ ಕಿಟ್ಟುಗಳು ಮೊದಲೇ ಗುರುತು ಮಾಡಿದ ಕೆಲವು ಜಾಗಗಳನ್ನು ಮಾತ್ರ ಇಣುಕಿ ನೋಡುತ್ತವೆ. ಆ ಕಂಪನಿಯನ್ನು ಬೈದು ಪ್ರಯೋಜನ ಇಲ್ಲ. ನಾನು ಆಯುಷ್ಯ ಎಷ್ಟು ಅಂತ ಕೇಳಿದೆ, ಅವರು ಹಸಿರು ಬಣ್ಣ ಕೊಟ್ಟರು.

ಇಂಥ ಜೀನು ಯಾಕೆ ಉಳಿದುಕೊಂಡಿತು ಅಂದರೆ, ಪ್ರಕೃತಿಗೆ ನಮ್ಮ ಮುಪ್ಪಿನ ಬಗ್ಗೆ ಚಿಂತೆಯಿಲ್ಲ. ಪೀಟರ್ ಮೆಡಾವರ್ 1952ರಲ್ಲೇ ಹೇಳಿದ ಮಾತು. ಮಕ್ಕಳಾದ ಮೇಲೆ ಕೈ ಕೊಡುವ ಜೀನನ್ನು ಯಾರೂ ಸೋಸಿ ತೆಗೆಯುವುದಿಲ್ಲ, ಅಷ್ಟರಲ್ಲಿ ಅದು ಮುಂದಿನ ತಲೆಮಾರಿಗೆ ದಾಟಿರುತ್ತದೆ. ಅಜ್ಜ ಕುಸಿದು ಬೀಳುವಾಗ ಐದು ಮಕ್ಕಳಾಗಿದ್ದವು. ನಮ್ಮ ದೇಶದ್ದೇ ಒಂದು ಉದಾಹರಣೆ ಬೇಕಿದ್ದರೆ, ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು ಸೇರಿ 2009ರಲ್ಲಿ ಪ್ರಕಟಿಸಿದ್ದು ಉಂಟು. ಹೃದಯದ ಸ್ನಾಯುವಿನ ಒಂದು ಜೀನಿನಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋದ ರೂಪ ನಮ್ಮ ಉಪಖಂಡದವರಲ್ಲಿ ಸುಮಾರು 4 ಶೇಕಡಾ ಜನರಲ್ಲಿ ಉಂಟು. ಅದೂ ಪ್ರಾಯ ಕಳೆದ ಮೇಲೆ ಕಾಟ ಕೊಡುವಂಥದ್ದೇ.

ಅಜ್ಜಿಯ ವಿಷಯಕ್ಕೆ ಬಂದರೆ, ಅವರು ಕೊನೆಯ ವಾರದವರೆಗೂ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದವರು. ಹಲ್ಲಿಲ್ಲದ ಮೇಲೆ ಕಬ್ಬಿಣದ ಸಣ್ಣ ಕುಟ್ಟಾಣಿಯಲ್ಲಿ ಟಕ್ ಟಕ್ ಅಂತ ಕುಟ್ಟಿ ಹಾಕುವುದು. ಮಧ್ಯಾಹ್ನದ ನಿದ್ದೆಯಲ್ಲಿ ನನಗೆ ಈಗಲೂ ಆ ಸದ್ದು ಕೇಳಿದ ಹಾಗಾಗುತ್ತದೆ. 122 ವರ್ಷ ಬದುಕಿದ ಫ್ರಾನ್ಸಿನ ಜಾನ್ ಕಾಲ್ಮಾನ್ ಕೂಡ ನೂರು ದಾಟಿದ ಮೇಲೂ ಸಿಗರೇಟು ಸೇದುತ್ತಿದ್ದರು. ನ್ಯೂಯಾರ್ಕಿನ ನಿರ್ ಬಾರ್ಜಿಲಾಯ್ ಅವರ ತಂಡ 95 ದಾಟಿದ 477 ಯಹೂದಿಗಳ ಹಳೆಯ ಅಭ್ಯಾಸಗಳನ್ನು ಕೇಳಿ 2011ರಲ್ಲಿ ಬರೆಯಿತು. ಸಿಗರೇಟು, ಕುಡಿತ, ವ್ಯಾಯಾಮ, ಯಾವುದರಲ್ಲೂ ಅವರು ಬೇರೆಯವರಿಗಿಂತ ದೊಡ್ಡ ಸಾಧುಗಳಲ್ಲ. ಅಂಥವರನ್ನು ಅವರ ಜೀನೇ ಕಾಪಾಡಿರಬೇಕು. ಇದನ್ನು ಕೇಳಿದ ಕೂಡಲೇ ನಮ್ಮವರಿಗೆ ಖುಷಿ, "ನೋಡು, ಅಭ್ಯಾಸದಿಂದ ಏನೂ ಇಲ್ಲ!" ಅಂತ. ಆದರೆ ನೀವು ಆ 477ರಲ್ಲಿ ಒಬ್ಬರು ಅಂತ ನಿಮಗೆ ಹೇಳಿದ್ದು ಯಾರು? ಅದೇ ಹೊಗೆಸೊಪ್ಪು ಹಾಕಿ ಅರವತ್ತಕ್ಕೆ ಬಾಯಿ ಕ್ಯಾನ್ಸರಿನಲ್ಲಿ ಹೋದವರು ನಮ್ಮ ಓಣಿಯಲ್ಲೇ ಇದ್ದಾರೆ. ಅವರ ಪ್ರಾಯವನ್ನು ಯಾರೂ ಜಂಬದಿಂದ ಹೇಳುವುದಿಲ್ಲ, ಅಷ್ಟೇ.

ಬಾವನ ವಿಷಯ ಹೇಳದಿದ್ದರೆ ಇದು ಮುಗಿಯುವುದಿಲ್ಲ. ದೊಡ್ಡ ಮಾವನ ಮಗ. ಅಪ್ಪನ ಹೋಟೆಲನ್ನೇ ನಡೆಸುತ್ತಾನೆ, ಐವತ್ತಮೂರು ಈಗ. ಮೂರು ವರ್ಷದಿಂದ ಹೇಳುತ್ತಿದ್ದೇನೆ, ಒಂದು ರಕ್ತ ಪರೀಕ್ಷೆ ಮಾಡಿಸು, ಇದಕ್ಕೆ ಮಾತ್ರೆ ಉಂಟು, ನಾನೇ ದಿನಾ ರಾತ್ರಿ ಒಂದು ನುಂಗುತ್ತೇನೆ, ನನ್ನದು ಈಗ 88ಕ್ಕೆ ಇಳಿದಿದೆ. ಅವನ ಉತ್ತರ ಯಾವಾಗಲೂ ಒಂದೇ. "ನಾನು 99ರ ಅಜ್ಜಿಯ ಪುಳ್ಳಿ. ದಾಲಾ ಆಪುಜಿ." ಒಂದು ದಿನ ಸಿಟ್ಟು ಬಂದು ಬಯಾಲಜಿ ಪಾಠವನ್ನೇ ಮಾಡಿದೆ. ಬಳಿಯ ಹಾಗೆ ಅಮ್ಮನಿಂದ ಮಾತ್ರ ದಾಟಿ ಬರುವಂಥದ್ದು ದೇಹದಲ್ಲಿ ಒಂದೇ ಉಂಟು, ಮೈಟೊಕಾಂಡ್ರಿಯಾದ ಡಿಎನ್‌ಎ. ಗಂಡುಮಕ್ಕಳಿಗೂ ಬರುತ್ತದೆ, ಅವರಿಂದ ಮುಂದೆ ಹೋಗುವುದಿಲ್ಲ, ಥೇಟ್ ಬಳಿಯೇ. ಅದರಲ್ಲಿ ಇರುವುದು 37 ಜೀನು. ಉಳಿದ ಇಪ್ಪತ್ತು ಸಾವಿರದ ಹತ್ತಿರ ಜೀನುಗಳಲ್ಲಿ ಎರಡೂ ಕಡೆಯವರ ಪಾಲುಂಟು. "ನೀನು ಮಾವನ ಮಗ. ನಿನ್ನಲ್ಲಿ ಅಜ್ಜಿಯ ಆ 37 ಕೂಡ ಇಲ್ಲ, ಅದು ನಿನ್ನ ಅಮ್ಮನ ಕಡೆಯದ್ದು. ಅಜ್ಜನ ಪಾಲು ಎಷ್ಟು ಬಂದಿದೆ ಅಂತ ನೋಡಿಕೋ." ಅವನು ನಕ್ಕು ಫೋನ್ ಇಟ್ಟ.

ಕಳೆದ ತಿಂಗಳು ಅಜ್ಜನ ಮನೆ ಹುಡುಕಿಕೊಂಡು ಬೆಳ್ತಂಗಡಿ ಕಡೆ ಹೋಗಿದ್ದೆ. ಕುಟುಂಬದ ಮನೆ ಬಾಗಿಲು ಹಾಕಿತ್ತು. ಪಕ್ಕದ ತೋಟದಲ್ಲಿ ಅಜ್ಜನ ಅಕ್ಕನ ಮಗ ಇದ್ದಾರೆ, ಎಂಬತ್ತೇಳು ಪ್ರಾಯ, ಕಿವಿ ಸ್ವಲ್ಪ ದೂರ. ಯಾರ ಮೊಮ್ಮಗಳು ಅಂತ ಮೂರು ಸಲ ಹೇಳಬೇಕಾಯಿತು. ಗೊತ್ತಾದ ಮೇಲೆ ಒಳಗಿಂದ ಬೆಲ್ಲ ನೀರು ತರಿಸಿ, ಜಗಲಿಯಲ್ಲಿ ಕೂರಿಸಿದರು. ಮಾವನ ಪ್ರಾಯ ಎಷ್ಟಿತ್ತು ಅಂತ ಕೇಳಿದೆ. ನಲವತ್ತನಾಲ್ಕೋ ಐದೋ ಅಂದರು. ತೋಟದ ಕಡೆ ಕೈ ತೋರಿಸಿದರು. ಆಮೇಲೆ ನಾನು ಕೇಳದೆಯೇ ಇನ್ನೊಂದು ಹೇಳಿದರು. "ಅವರ ತಮ್ಮನೂ ಹಾಗೇ ಹೋದದ್ದು. ಕಂಬಳದ ಗದ್ದೆಯ ಬದಿಯಲ್ಲಿ ನಿಂತಿದ್ದವರು. ಕೋಣ ಓಡುವ ಮೊದಲೇ."

ಬಸ್ಸಿನಲ್ಲಿ ವಾಪಸು ಬರುವಾಗ ಇಷ್ಟನ್ನೇ ಬಾವನಿಗೆ ಬರೆದೆ. ಜೀನು, ಎಲ್‌ಡಿಎಲ್ ಯಾವುದೂ ಬರೆಯಲಿಲ್ಲ. ಅಜ್ಜ 44, ಅಜ್ಜನ ತಮ್ಮ, ನಿನ್ನ ಅಪ್ಪ 49, ಸಣ್ಣ ಮಾವ 54. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಆರೂವರೆಗೆ ಮೆಸೇಜು. "ಖಾಲಿ ಹೊಟ್ಟೆಯಲ್ಲಿ ಹೋಗ್ಬೇಕಾ?"

ಎಲ್‌ಡಿಎಲ್ ಒಂದಕ್ಕೆ ಚಾ ಕುಡಿದು ಹೋದರೂ ನಡೀತದೆ, ಹೋಗು ಅಂತ ಬರೆದೆ.